ಕೆಂಪು ಡಬ್ಬಿ, ಹಸಿರು ಡಬ್ಬಿ ಮತ್ತು ಖಾದರನ ಕೆಮ್ಮು

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಬೇಕಾದರೆ ‘ನಂಬುವುದಿಲ್ಲ’ ಎಂದು ನಾನೇ ಕಾಗದದ ಮೇಲೆ ಬರೆದುಕೊಡುತ್ತೇನೆ, ನೀವು ಕೆಳಗೆ ಹೆಬ್ಬೆಟ್ಟು ಒತ್ತಿದರೆ ಸಾಕು. ಸೇಡಂ ಊರಿನಲ್ಲಿ ಇಲ್ಲಿಯವರೆಗೆ ಇದನ್ನು ಪೂರ್ತಿ ನಂಬಿದವರು ಇಬ್ಬರೇ. ಒಬ್ಬಳು ನನ್ನ ಅಜ್ಜಿ, ಆಕೆಗೆ ಕಿವಿ ಕೇಳುವುದಿಲ್ಲ. ಇನ್ನೊಬ್ಬ ನನ್ನ ಗೆಳೆಯ ಖಾದರ್, ಅವನು ಅಲ್ಲೇ ಇದ್ದ.

ಇದೆಲ್ಲ ನೆನಪಾದದ್ದು ಒಂದು ಡಬ್ಬಿಯಿಂದ. ನಮ್ಮ ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಖಾರದ ಪುಡಿ ಇಡುವ ಹಳೆಯ ಬಿಸ್ಕೀಟು ಡಬ್ಬಿ ಒಂದಿದೆ. ಅದರ ಮೈಗೆ ಅಲ್ಲಲ್ಲಿ ಗಾಳಿಪಟದ ಕಾಗದ ಇನ್ನೂ ಅಂಟಿಕೊಂಡಿದೆ. ಆ ಕಾಗದ ಕೆಂಪು ಎಂದು ಅವ್ವ ಹೇಳುತ್ತಾಳೆ. ಒಳಗಿನ ಖಾರವೂ ಕೆಂಪು ಎಂದು ಹೇಳುತ್ತಾಳೆ. ಅವ್ವ ಸುಳ್ಳು ಹೇಳುವವಳಲ್ಲ, ಆದ್ದರಿಂದ ಇರಬೇಕು. ನನಗಂತೂ ಆ ಕಾಗದ, ಆ ಖಾರ, ಪಕ್ಕದಲ್ಲಿ ನೇತು ಹಾಕಿದ ಕರಿಬೇವು ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ.

ಇದಕ್ಕೆ ಬಣ್ಣಗುರುಡು ಎನ್ನುತ್ತಾರಂತೆ. ಹೋದ ವರ್ಷ ಗುಲಬರ್ಗಾದ ಡಾಕ್ಟರೊಬ್ಬರು ಹೇಳಿದರು. ಕೆಂಪು, ಹಸಿರು ಎರಡೂ ನನ್ನ ಕಣ್ಣಿಗೆ ಬೇರೆ ಬೇರೆ ಅಲ್ಲವಂತೆ. ‘ಕುರುಡು’ ಎಂಬ ಮಾತು ಬಿದ್ದದ್ದೇ ತಡ, ಅಜ್ಜಿ ಗೋಳೋ ಎಂದು ಅಳತೊಡಗಿದಳು. ಐದು ವರ್ಷದಿಂದ ಗುಡುಗೂ ಕೇಳದ ಕಿವಿಗೆ ಅದೊಂದು ಮಾತು ಹೇಗೆ ಕೇಳಿತೋ!

ಡಾಕ್ಟರು ಹೇಳುವುದಕ್ಕೆ ಮೊದಲು ನಾನು ನನ್ನದೇ ಒಂದು ಸಿದ್ಧಾಂತ ಕಟ್ಟಿಕೊಂಡಿದ್ದೆ. ಬಣ್ಣವೆಂದರೆ ಕಣ್ಣಿಗೆ ಕಾಣುವ ಸಂಗತಿಯಲ್ಲ, ಮಗ್ಗಿಯ ಹಾಗೆ ಬಾಯಿಪಾಠ ಮಾಡುವ ಸಂಗತಿ. ಎಲೆ ಹಸಿರು, ರಕ್ತ ಕೆಂಪು, ಗಿಳಿ ಹಸಿರು, ಗಿಳಿಯ ಮೂಗು ಕೆಂಪು. ಊರಿನವರಿಗೆಲ್ಲ ಯಾರೋ ಈ ಮಗ್ಗಿಯನ್ನು ಕಲಿಸಿದ್ದಾರೆ. ಕಲಿಸಿದ ದಿನ ನಾನು ಜ್ವರ ಬಂದು ಮಲಗಿದ್ದೆ, ಅಷ್ಟೇ. ಆದರೆ ಒಂದು ಗೊಂದಲ ಮಾತ್ರ ಬಿಡಿಸಲಾಗಲಿಲ್ಲ. ಯಾರಾದರೂ ಹೊಚ್ಚ ಹೊಸ ಸೀರೆಯ ಮಡಿಕೆ ಬಿಚ್ಚಿದ ಕೂಡಲೇ ಹೆಂಗಸರೆಲ್ಲ ಒಟ್ಟಿಗೆ, “ಯವ್ವಾ, ಎಂಥಾ ಹಸಿರೇ!” ಎನ್ನುತ್ತಿದ್ದರು. ಆ ಸೀರೆಯ ಸುದ್ದಿ ಇವರಿಗೆ ಮೊದಲೇ ಯಾರು ಹೇಳಿರುತ್ತಾರೆ? ನಾನು ಇದನ್ನು ಬಹಳ ದಿನ ತನಿಖೆ ಮಾಡಿದೆ. ಸೀರೆಯಂಗಡಿಯವನ ಮೇಲೆ ನನಗೆ ಅನುಮಾನವಿತ್ತು.

ಚಿತ್ತಾಪುರಕ್ಕೆ ಡ್ರಾಯಿಂಗ್ ಪರೀಕ್ಷೆಗೆ ಹೋದದ್ದನ್ನು ಹೇಳಲೇಬೇಕು. ಗಿಳಿಯ ಚಿತ್ರ ಬರೆಯಿರಿ ಎಂದರು. ನಾನು ಬರೆದ ಗಿಳಿ ಎಷ್ಟು ಚೆನ್ನಾಗಿತ್ತೆಂದರೆ ಹೊರಗಿನ ಬೇವಿನ ಮರದಿಂದ ಎರಡು ಗಿಳಿಗಳು ಕಿಟಕಿಗೆ ಬಂದು ಇಣುಕಿ ಹೋದವು. (ಒಂದು ಅಂತಿಟ್ಟುಕೊಳ್ಳಿ.) ಬಣ್ಣದ ಪೆನ್ಸಿಲುಗಳ ಮೇಲಿನ ಹೆಸರು ಸವೆದು ಹೋಗಿದ್ದರಿಂದ ದೇವರ ಮೇಲೆ ಭಾರ ಹಾಕಿ ಒಂದನ್ನು ಮೈಗೆ, ಒಂದನ್ನು ಮೂಗಿಗೆ ಹಚ್ಚಿದೆ. ಪರೀಕ್ಷಕರು ಬಂದು ಕಾಗದವನ್ನು ಎತ್ತಿ ಹಿಡಿದರು, ತಿರುಗಿಸಿದರು, ಕನ್ನಡಕ ತೆಗೆದು ನೋಡಿದರು.

“ಏನೋ ತಮ್ಮಾ ಇದು?”

“ಗಿಳಿರಿ.”

“ಮೈಯೆಲ್ಲಾ ಕೆಂಪಗಾಗ್ಯದಲ್ಲೋ, ಏನಾಗ್ಯದ ಇದಕ್ಕ?”

“ಚಿತ್ತಾಪುರ ಬಿಸಲಾಗ ಕುಂತದರಿ.”

ಅವರು ನಕ್ಕು ಪಾಸು ಮಾಡಿದರು. ಪಾಸಾದದ್ದು ಗಿಳಿಯೋ ಉತ್ತರವೋ ನನಗೆ ಇಂದಿಗೂ ತಿಳಿಯದು.

ಹೀಗೆ ಬಾಯಿಂದ ಕಣ್ಣಿನ ಕೆಲಸ ನಡೆಸಿಕೊಂಡು ಹೋಗುತ್ತಿದ್ದವನನ್ನು ಹಿಡಿದವನು ಖಾದರ್. ಅವನ ಅಪ್ಪ ಪರಸಿ ಹಾಸುವ ಮಿಸ್ತ್ರಿ. ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು ತರಲು ಶಹಾಬಾದಕ್ಕೆ ಹೋಗುವಾಗ ನಮ್ಮಿಬ್ಬರನ್ನೂ ಕರೆದೊಯ್ಯುತ್ತಿದ್ದರು. ನಾನು ಕಂಡ ಊರುಗಳಲ್ಲಿ ಶಹಾಬಾದದಷ್ಟು ಪ್ರಾಮಾಣಿಕ ಊರು ಮತ್ತೊಂದಿಲ್ಲ. ಅಲ್ಲಿ ಕಲ್ಲು, ಗೋಡೆ, ದೂಳು, ಕಲ್ಲು ಕೊಯ್ಯುವವರ ಮೀಸೆ ಎಲ್ಲ ಒಂದೇ ಬಣ್ಣ. ಅಲ್ಲಿ ನಿಮ್ಮ ಕಣ್ಣೂ ಒಂದೇ, ನನ್ನ ಕಣ್ಣೂ ಒಂದೇ. ತೊಂದರೆಯಾದದ್ದು ಅಲ್ಲಿಂದ ಬರುವಾಗ, ವಾಡಿ ಜಂಕ್ಷನ್ನಿನಲ್ಲಿ. ರೈಲಿನ ಸಿಗ್ನಲ್ಲಿಗೆ ಕೈ ಇದೆ, ಕೈ ಏಳುವುದು ಬೀಳುವುದು ಯಾರಿಗಾದರೂ ಕಾಣುತ್ತದೆ. ಗಾರ್ಡಿನ ನಿಶಾನೆಗೆ ಬಣ್ಣವೊಂದೇ. ಅವನು ಬಟ್ಟೆಯನ್ನು ಹೊರಗೆ ಹಿಡಿದದ್ದೇ ತಡ, ಪ್ಲಾಟ್‌ಫಾರಂ ತುಂಬ ಕೇಳುವ ಹಾಗೆ ನಾನು ಕೂಗಿದೆ: “ಹಸಿರು ನಿಶಾನಿ! ಗಾಡಿ ಹೊಂಟಿತು! ಹತ್ತ್ರಿ, ಹತ್ತ್ರಿ!”

ಒಬ್ಬ ಮುದುಕ ಕುಡಿಯುತ್ತಿದ್ದ ಚಹಾ ಚೆಲ್ಲಿ ಓಡಿದ. ಗಾಡಿ ಹೊರಡಲಿಲ್ಲ. ಮುದುಕ ಒಳಗೆ ಕೂತ, ಬೇಜಾರಾಗಿ ಇಳಿದ, ಮತ್ತೊಂದು ಚಹಾ ಕುಡಿದ. ಆಗಲೂ ಗಾಡಿ ಹೊರಡಲಿಲ್ಲ. ಖಾದರ್ ನನ್ನ ಮುಖವನ್ನೇ ನೋಡುತ್ತಿದ್ದ.

“ರೇವ್ಯಾ, ಖರೇ ಹೇಳು. ನಿಂಗ ಅದು ಹಸಿರು ಕಾಣಸಲಿಕತ್ತದೇನು?”

“ಮತ್ತ ನಿಂಗೇನು ಕಾಣಸಲಿಕತ್ತದ?”

“ಅರೆ, ಕೆಂಪು ಅದನೋ ಅದು! ಲಾಲ್!”

ಅವನು ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿದ. ಅಷ್ಟೇ ಅಲ್ಲ, ಒಂದು ಉಪಾಯವನ್ನೂ ಹೂಡಿದ. ನಾನು ಬಣ್ಣದ ಮುಂದೆ ಸಿಕ್ಕಿಕೊಂಡಾಗಲೆಲ್ಲ ಅವನು ಹಿಂದಿನಿಂದ ಕೆಮ್ಮಬೇಕು. ಒಂದು ಸಲ ಕೆಮ್ಮಿದರೆ ಕೆಂಪು, ಎರಡು ಸಲ ಕೆಮ್ಮಿದರೆ ಹಸಿರು. ಎರಡು ವರ್ಷ ಈ ಕೆಮ್ಮಿನ ಬೆಳಕಿನಲ್ಲೇ ನಾನು ಬದುಕಿದೆ.

ಯಾರಿಗೂ ಗೊತ್ತಾಗಬಾರದು ಎಂಬ ಹಟ ಯಾಕೆ ಎಂದು ಕೇಳುತ್ತೀರಿ. ಯಾಕೆಂದರೆ ಸೇಡಂ ತುಂಬ ನನಗೆ ‘ಹದ್ದಿನ ಕಣ್ಣಿನ ರೇವಣ್ಣ’ ಎಂದು ಹೆಸರಿತ್ತು. ಆ ಹೆಸರನ್ನು ನಾನೇ ಇಟ್ಟುಕೊಂಡು ನಾನೇ ಹಬ್ಬಿಸಿದ್ದು ನಿಜ. ಆದರೂ ಸುಳ್ಳಲ್ಲ. ಅವ್ವನ ತವರು ಚಿಂಚೋಳಿ. ಅಲ್ಲಿ ಮಾಮಾ, ಅಂದರೆ ಅವ್ವನ ಅಣ್ಣ, ನನ್ನನ್ನು ಅಡವಿಗೆ ಕರೆದೊಯ್ಯುತ್ತಿದ್ದ. ಹುಲ್ಲಿನಲ್ಲಿ ಹುಲ್ಲೇ ಆಗಿ ಕೂತ ಕೌಜುಗ ಹಕ್ಕಿ, ಎಲೆಗಳ ನಡುವೆ ಎಲೆಯ ವೇಷ ಹಾಕಿದ ಓತಿಕ್ಯಾತ, ಎಲ್ಲರೂ ತುಳಿದೇ ಬಿಡುವಂತಿದ್ದ ಹಾವು, ಇವೆಲ್ಲ ನಮ್ಮಿಬ್ಬರಿಗೆ ಮಾತ್ರ ಮೊದಲು ಕಾಣುತ್ತಿದ್ದವು. ಉಳಿದವರು ಬಣ್ಣ ನೋಡಿ ಮೋಸ ಹೋಗುತ್ತಿದ್ದರು. ನಮಗೆ ಆ ಬಣ್ಣವೇ ಇಲ್ಲದ್ದರಿಂದ ಮೋಸ ಮಾಡುವವರು ಯಾರು? ಮಾಮಾ ಹೇಳುವ ಬಣ್ಣಕ್ಕೂ ನಾನು ಹೇಳುವ ಬಣ್ಣಕ್ಕೂ ಎಂದೂ ಜಗಳವಾಗಿದ್ದಿಲ್ಲ. ಆದ್ದರಿಂದ ಇಡೀ ಸೀಮೆಯಲ್ಲಿ ತಲೆ ನೆಟ್ಟಗಿರುವವನು ಅವನೊಬ್ಬನೇ ಎಂದು ತಿಳಿದಿದ್ದೆ.

ಒಮ್ಮೆ ಮಾತ್ರ ಪೇಚಿಗೆ ಸಿಕ್ಕಿದೆವು. ಊಟದ ಎಲೆ ಕಟ್ಟುವ ಮುತ್ತಲ ಗಿಡಗಳು ಗುಡ್ಡದ ತುಂಬ ಕೆಂಪು ಹೂ ಬಿಟ್ಟಿದ್ದವಂತೆ. ಬುತ್ತಿ ಹೊತ್ತು ಹಿಂದೆ ಬರುತ್ತಿದ್ದ ಮಾಮಾನ ಹೆಂಡತಿ, ನನ್ನ ಅತ್ತಿ, ಥಟ್ಟನೆ ನಿಂತು, “ಅಯ್ಯ, ಅಲ್ಲಿ ನೋಡ್ರಿ! ಅಡವಿಗಿ ಬೆಂಕಿ ಬಿದ್ದಂಗ ಕಾಣಸಲಿಕತ್ತದ!” ಎಂದಳು.

ಮಾಮಾ ಕೈಯಲ್ಲಿದ್ದ ಕೊಡಲಿ ಎಸೆದು ಓಡಿದ. ಅವನ ಹಿಂದೆ ನಾನು. ಅರ್ಧ ಗುಡ್ಡ ಹತ್ತಿ ನಿಂತು ನಾಲ್ಕೂ ದಿಕ್ಕು ನೋಡಿದೆವು.

“ಹೊಗಿ ಎಲ್ಲದನೋ?” ಎಂದ ಮಾಮಾ.

“ಇಲ್ಲ ಮಾಮಾ. ಆರಿರಬೇಕು.”

ಕೆಳಗೆ ಅತ್ತಿ ಬುತ್ತಿ ಇಳಿಸಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಯಾಕೆ ನಗುತ್ತಿದ್ದಾಳೆಂದು ನಾವು ದಾರಿಯುದ್ದಕ್ಕೂ ಚರ್ಚೆ ಮಾಡಿದೆವು, ತೀರ್ಮಾನವಾಗಲಿಲ್ಲ.

ಇನ್ನು ಡಬ್ಬಿಗೆ ಬರುತ್ತೇನೆ. ಊರಿಗೆಲ್ಲ ಮೊಟ್ಟಮೊದಲ ಚುನಾವಣೆ ಬಂದ ವರ್ಷ ಅದು. ನಿಜಾಮನ ಕಾಲ ಮುಗಿದಿತ್ತು, ಸಾಲಿಯಲ್ಲಿ ಉರ್ದು ಹೋಗಿ ಕನ್ನಡ ಬಂದಿತ್ತು, ಕನ್ನಡದ ಜೊತೆಗೆ ಧಾರವಾಡದ ಕಡೆಯಿಂದ ಒಬ್ಬ ಹೆಡ್‌ಮಾಸ್ತರರೂ ಬಂದಿದ್ದರು. ಬಹಳ ಒಳ್ಳೆಯವರು. ಯಾರಾದರೂ ಒಳ್ಳೆಯ ಮಾತು ಆಡಿದರೆ ಸಾಕು, ಅವರ ಕಣ್ಣು ಒದ್ದೆಯಾಗುತ್ತಿತ್ತು. ಒಂದು ದಿನ ಪ್ರಾರ್ಥನೆಯ ನಂತರ ಹೇಳಿದರು:

“ದೇಶಕ್ಕೆಲ್ಲಾ ಇಲೆಕ್ಷನ್ ಆಗಲಿಕತ್ತದ, ನಮ್ಮ ಸಾಲಿಗ್ಯಾಕ ಬ್ಯಾಡ? ನೀವೂ ಒಬ್ಬ ಲೀಡರನ್ನ ಆರಿಸ್ರಿ. ಮುಂದಿನ ತಿಂಗಳು ಚಿಂಚೋಳಿ ಗುಡ್ಡಕ್ಕ ಎಲ್ಲಾರೂ ಹೋಗೋದದ. ಲೀಡರ್ ಆದಾವ ಎಲ್ಲಾರಕಿಂತ ಮುಂದ ನಡೀಬೇಕು. ಈ ಸೀಟಿ ಅವನ ಕೊಳ್ಳಾಗ ಇರ್ತದ.”

ಜೇಬಿನಿಂದ ಸೀಟಿ ತೆಗೆದು ಒಮ್ಮೆ ಊದಿದರು. ಆ ಸೀಟಿಯ ಸದ್ದು ನನ್ನ ಎಡಗಿವಿಯಲ್ಲಿ ಹೊಕ್ಕು ಇನ್ನೂ ಹೊರಗೆ ಬಂದಿಲ್ಲ. ನನ್ನ ಮಾಮಾನ ಗುಡ್ಡ! ನಾನು ಮುಂದೆ, ಸೀಟಿ ಕೊರಳಲ್ಲಿ, ಇಡೀ ಸಾಲಿ ನನ್ನ ಹಿಂದೆ! ಅದಿಲ್ಲದೆ ಬದುಕಿ ಏನು ಪ್ರಯೋಜನ ಎಂದು ಅಲ್ಲೇ ನಿರ್ಧರಿಸಿದೆ.

ಎದುರಿಗೆ ನಿಂತವನು ನಾಗ್ಯಾ, ತೊಗರಿ ವ್ಯಾಪಾರಿಯ ಮಗ. ಒಳ್ಳೆಯ ಹುಡುಗ, ಅದೇ ಅವನ ಮೇಲೆ ನನಗಿದ್ದ ಸಿಟ್ಟು. ಸಣ್ಣ ತರಗತಿಯವರಿಗೆ ಹೆಸರು ಓದಲು ಬರುವುದಿಲ್ಲ, ಮಾಸ್ತರರಿಗೆ ಚಿತ್ರ ಬರೆಯಲು ಬರುವುದಿಲ್ಲ (ಅವರು ಬರೆದ ಎತ್ತನ್ನು ನಾವು ಹಲ್ಲಿ ಎಂದು ಓದಿದ್ದೆವು), ಆದ್ದರಿಂದ ಎರಡು ಡಬ್ಬಿಗಳಿಗೆ ಬಣ್ಣದ ಕಾಗದ ಸುತ್ತುವುದೆಂದಾಯಿತು. ನನ್ನದು ಕೆಂಪು. ನಾಗ್ಯಾನದು ಹಸಿರು. ನಾನು ಖಾದರನನ್ನು ನೋಡಿದೆ. ಖಾದರ್ ಆಕಾಶ ನೋಡಿದ. ಕೆಂಪು ಡಬ್ಬಿಯನ್ನು ನಾನೇ ಮನೆಯಿಂದ ಕೊಟ್ಟೆ, ಕಾಗದವನ್ನು ಖಾದರ್ ಅಂಟಿಸಿದ.

ಪ್ರಚಾರ ಜೋರಾಗಿ ನಡೆಯಿತು. ಸಾಲಿಯ ಅಂಗಳದ ಬೇವಿನ ಮರದಲ್ಲಿ ಯಾರಿಗೂ ಕಾಣದ ಓತಿಕ್ಯಾತವನ್ನು ನಾನು ಹತ್ತು ಮಾರು ದೂರದಿಂದ ತೋರಿಸಿದೆ. ಆಮೇಲೆ ಅದು ಇಪ್ಪತ್ತು ಮಾರಾಯಿತು. ಚುನಾವಣೆಯ ಹಿಂದಿನ ದಿನ ಮತದಾರರಿಗೆ ಹಂಚಲು ಒಬ್ಬನೇ ಹೋಗಿ ಒಂದು ಚೀಲ ಬಾರಿಹಣ್ಣು ಹರಿದು ತಂದೆ. ಖಾದರ್ ಅಪ್ಪನ ಜೊತೆ ಶಹಾಬಾದಕ್ಕೆ ಹೋಗಿದ್ದ, ಕೆಮ್ಮುವವರು ಯಾರೂ ಇರಲಿಲ್ಲ. ಸಂಜೆ ಹಂಚುವಾಗ ಎರಡನೆಯ ತರಗತಿಯ ಒಂದು ಪೋರ ಕಚ್ಚಿ ನೋಡಿ ಉಗುಳಿತು.

“ಅಣ್ಣಾ, ಇವು ಎಲ್ಲಾ ಹಸಿರು ಕಾಯಿ ಅವ.”

ಎಲ್ಲರೂ ನನ್ನ ಕಡೆ ತಿರುಗಿದರು. ಹದ್ದಿನ ಕಣ್ಣು ಹಣ್ಣು ಕಾಯಿ ಗುರುತಿಸಲಿಲ್ಲವೆಂದರೆ? ಅಷ್ಟರಲ್ಲಿ ಶಹಾಬಾದದಿಂದ ಬಂದಿಳಿದ ಖಾದರ್ ಮುಂದೆ ನುಗ್ಗಿ, “ಏ, ಇದು ಬ್ಯಾರೆ ಜಾತಿ ಬಾರಿ! ಭಾಳ ಸಿಹಿ ಇರ್ತದ!” ಎಂದು ಒಂದು ಬೊಗಸೆ ಕಾಯಿಯನ್ನು ಎಲ್ಲರೆದುರು ತಿಂದ. ಕಣ್ಣಲ್ಲಿ ನೀರು ಬಂದರೂ ನಗುತ್ತ ತಿಂದ. ಗೆಳೆಯ ಅಂದರೆ ಹಾಗಿರಬೇಕು. ಬೆಳಗಾಗುವಷ್ಟರಲ್ಲಿ ಆ ಕಾಯಿಯೆಲ್ಲ ಅವನ ಗಂಟಲಲ್ಲಿ ಕೂತಿತ್ತು.

ಮರುದಿನ ನಮ್ಮ ಮನೆಯಲ್ಲೂ ಗದ್ದಲ. ಬಸುರಿಯಾದ ಅಕ್ಕನಿಗೆ ಅಂದು ಮಧ್ಯಾಹ್ನ ಕುಬಸ. ಹಸಿರು ಬಳೆ ತೊಡಿಸಿ, ಹಸಿರು ಸೀರೆ ಉಡಿಸಿ, ಹಸಿರು ಖಣ, ಅಂದರೆ ಕುಪ್ಪಸದ ಬಟ್ಟೆ, ಉಡಿಯಲ್ಲಿ ಹಾಕುವ ಶಾಸ್ತ್ರ. ಅವ್ವನ ಟ್ರಂಕಿನಲ್ಲಿ ಎರಡು ಖಣಗಳಿದ್ದವು, ಒಂದು ಹಸಿರು, ಒಂದು ಕೆಂಪು. ಗೆದ್ದ ಕೂಡಲೇ ತಲೆಗೆ ಸುತ್ತಿಕೊಳ್ಳಲು ನನಗೊಂದು ಕೆಂಪು ಪಟಕಾ ಬೇಕಾಗಿತ್ತು. ಯಾವುದು ಕೆಂಪು? ನಾನು ಬುದ್ಧಿ ಓಡಿಸಿದೆ. ಇಂದು ಬೇಕಾದದ್ದು ಹಸಿರು, ಬೇಕಾದದ್ದನ್ನು ಅವ್ವ ಮೇಲೆ ಇಟ್ಟಿರುತ್ತಾಳೆ, ಆದ್ದರಿಂದ ಕೆಳಗಿನದು ಕೆಂಪು. ಇಷ್ಟು ಚೆನ್ನಾದ ತರ್ಕವನ್ನು ಯಾವ ವಕೀಲನೂ ಮಾಡಿರಲಾರ. ಕೆಳಗಿನದನ್ನು ಮಡಿಸಿ ಅಂಗಿಯೊಳಗೆ ಸೇರಿಸಿದೆ. ಅವ್ವ ಹಣೆಗೆ ವಿಭೂತಿ ಬಳಿದು, “ಲಗೂನ ಬಾ, ಮನಿತುಂಬ ಮಂದಿ ಇರ್ತಾರ,” ಎಂದಳು.

ಸಾಲಿಯ ಸಾಮಾನಿನ ಕೋಣೆಯಲ್ಲಿ ಎರಡು ಡಬ್ಬಿಗಳನ್ನು ಇಟ್ಟಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ ತಮಗೆ ಬೇಕಾದವನ ಡಬ್ಬಿಯಲ್ಲಿ ಚೀಟಿ ಹಾಕಬೇಕು. ಎಡಗಡೆಯದು ನನ್ನದು ಎಂದು ಬೆಳಿಗ್ಗೆ ಖಾದರ್ ಪಾಠ ಹೇಳಿಕೊಟ್ಟಿದ್ದ. ಆದರೆ ಹೆಡ್‌ಮಾಸ್ತರರ ನಿಷ್ಪಕ್ಷಪಾತ ಎಷ್ಟು ಭಯಂಕರವೆಂದರೆ, ನಾಲ್ಕು ಜನಕ್ಕೊಮ್ಮೆ ಒಳಗೆ ಹೋಗಿ ಡಬ್ಬಿಗಳ ಜಾಗ ಅದಲು ಬದಲು ಮಾಡಿ ಬರುತ್ತಿದ್ದರು. ಉಳಿದದ್ದು ಕೆಮ್ಮೊಂದೇ. ಕಿಟಕಿಯ ಹೊರಗೆ ಖಾದರ್ ನಿಲ್ಲುವುದು, ನಾನು ಎಡಗಡೆಯ ಡಬ್ಬಿಯನ್ನು ಮುಟ್ಟುವುದು, ಅದು ಕೆಂಪಾದರೆ ಒಂದು ಕೆಮ್ಮು, ಹಸಿರಾದರೆ ಎರಡು.

ಚೀಟಿಗಳೆಲ್ಲ ಹಳೆಯ ಉರ್ದು ಪರೀಕ್ಷೆಯ ಕಾಗದಗಳ ಹರಕು. ನನ್ನ ಸರದಿ ಬಂದಾಗ ಸುಮ್ಮನೆ ಒಳಗೆ ಹೋಗಬಹುದಿತ್ತು. ನಾನು ಹೋಗುವವನೇ? ಸಾಲಿನಲ್ಲಿದ್ದವರೆಲ್ಲ ನೋಡುವ ಹಾಗೆ ಮೂರು ಬೆರಳನ್ನು ಹಣೆಗೆ ಒತ್ತಿ, ಚೀಟಿಯ ಮೇಲೆ ಅಡ್ಡಲಾಗಿ ಮೂರು ಪಟ್ಟೆ ಎಳೆದೆ. “ನೋಡ್ರೆಪ್ಪಾ, ನನ್ನ ವೋಟಿಗಿ ಖುದ್ ಶಿವನೇ ಸಹಿ ಹಾಕ್ಯಾನ!”

“ಲೇ, ವೋಟು ಗುಪ್ತ ಇರಬೇಕಲೇ!” ಎಂದು ಮಾಸ್ತರರು ಗದರಿದರು.

ಒಳಗೆ ಹೋದೆ. ಎಡಗಡೆಯ ಡಬ್ಬಿ ಮುಟ್ಟಿದೆ. ಖಾದರ್ ಒಮ್ಮೆ ಕೆಮ್ಮಿದ. ಶಾಬಾಸ್ ಎಂದು ಚೀಟಿ ಎತ್ತಿದೆ, ಅವನು ಇನ್ನೊಮ್ಮೆ ಕೆಮ್ಮಿದ. ಬಲಗಡೆಗೆ ಜರುಗಿದೆ, ಮತ್ತೆ ಮೂರು ಸಲ ಕೆಮ್ಮಿದ. ಆಮೇಲೆ ಕಿಟಕಿಯ ಸರಳು ಹಿಡಿದು ಕೆಮ್ಮಿದ ನೋಡಿ, ಅದು ಕೆಮ್ಮಲ್ಲ, ಶಹಾಬಾದದ ಗಣಿಯಲ್ಲಿ ಕಲ್ಲು ಸಿಡಿಸಲು ಸುರಂಗ ಹಾರಿಸಿದ ಹಾಗೆ! ಒಟ್ಟು ಹನ್ನೊಂದು. ನಾನು ಎದೆಗುಂದಲಿಲ್ಲ, ಲೆಕ್ಕ ಮಾಡಿದೆ. ಎರಡರಂತೆ ಹತ್ತು ಕೆಮ್ಮಿಗೆ ಐದು ಹಸಿರು, ಅವು ತಮ್ಮ ಪಾಡಿಗೆ ಹೋಗಲಿ. ಉಳಿದದ್ದು ಒಂದು. ಒಂದು ಎಂದರೆ ಕೆಂಪು. ಆ ಕೊನೆಯ ಕೆಮ್ಮು ಬಿದ್ದಾಗ ನನ್ನ ಕೈ ಬಲಗಡೆಯ ಡಬ್ಬಿಯ ಮೇಲಿತ್ತು. ಗಣಿತಕ್ಕೆ ನಮಸ್ಕಾರ ಮಾಡಿ ಅದರಲ್ಲೇ ಹಾಕಿ ಎದೆ ಉಬ್ಬಿಸಿ ಹೊರಬಂದೆ.

ಮಧ್ಯಾಹ್ನ ಅಂಗಳದ ಪರಸಿ ಕಟ್ಟೆಯ ಮೇಲೆ ಎಣಿಕೆ. ಒಟ್ಟು ಅರವತ್ತೊಂದು ಮತ. ನನಗೆ ಹಾಕುತ್ತೇವೆಂದು ಕೈಯಲ್ಲಿ ಕೈಯಿಟ್ಟು ಆಣೆ ಮಾಡಿದವರು, ನನ್ನನ್ನೂ ಸೇರಿಸಿ, ಮೂವತ್ತೊಂದು. ಮಾಸ್ತರರು ಎಣಿಸಿ, ಚೀಟಿಗಳನ್ನು ಮತ್ತೆ ಡಬ್ಬಿಗಳಿಗೆ ತುಂಬಿ ಹೇಳಿದರು: “ನಾಗಣ್ಣ ಮೂವತ್ತೊಂದು. ರೇವಣ್ಣ ಮೂವತ್ತು.”

ಒಬ್ಬ ಮೋಸ ಮಾಡಿದ್ದಾನೆ. ಯಾರು? ಮೂವತ್ತು ಮುಖಗಳನ್ನೂ ಹದ್ದಿನ ಕಣ್ಣಿನಿಂದ ನೋಡುತ್ತ ಬಂದೆ. ಎಲ್ಲರೂ ಒಳ್ಳೆಯವರಂತೆ ಕಂಡರು, ಎಲ್ಲರೂ ಕಳ್ಳರಂತೆಯೂ ಕಂಡರು. ಆಗ ಖಾದರನ ಬಾಯಿ ಏನನ್ನೋ ಚಪ್ಪರಿಸುತ್ತಿರುವುದು ಕಂಡಿತು.

“ಬಾಯಾಗ ಏನದ?”

“ಶುಂಠಿ ಬೆಲ್ಲ. ನಾಗ್ಯಾ ಕೊಟ್ಟಾನ.”

“ನಾಗ್ಯಾ? ನಾಗ್ಯಾನ ಬೆಲ್ಲ ತಿಂದು ನಾಗ್ಯಾಗ ವೋಟು ಹಾಕಿದಿ! ಗದ್ದಾರ್!”

ಖಾದರ್ ಬಾಯಲ್ಲಿದ್ದ ಬೆಲ್ಲವನ್ನು ಕೈಗೆ ಉಗುಳಿ ದೂರ ಎಸೆದ.

“ಕೆಮ್ಮಿಗಿ ಕೊಟ್ಟಾನೋ. ಈ ಕೆಮ್ಮು ನಂಗ ಯಾರಿಂದ ಬಂತು, ಹೇಳಲೇನು? ಎಲ್ಲಾರ ಮುಂದ ಹೇಳಲೇನು?” ಎಂದ. ಹೇಳಲಿಲ್ಲ. ಮಾಸ್ತರರ ಕಡೆ ತಿರುಗಿದ. “ಸರ್, ಒಂದೊಂದು ಚೀಟಿ ತಗದು ತೋರಸ್ರಿ. ನನ್ನ ಚೀಟಿಮ್ಯಾಲ ನನ್ನದೇ ಹಳೀ ಉರ್ದು ಪೇಪರಿನ ಅಕ್ಷರ ಅವ. ಸೊನ್ನಿ ಬಿದ್ದದ, ಮರ್ತಿಲ್ಲ ನಾ.”

ಮಾಸ್ತರರು ನನ್ನ ಡಬ್ಬಿಯ ಚೀಟಿಗಳನ್ನು ಹರಡಿದರು. ಏಳನೆಯದೋ ಎಂಟನೆಯದೋ, ಖಾದರನ ವಕ್ರ ಅಕ್ಷರ, ಪಕ್ಕದಲ್ಲಿ ಗುಂಡನೆಯ ಸೊನ್ನೆ. ನನಗೇ ಹಾಕಿದ್ದ. ಅವನು ನನ್ನ ಕಡೆ ನೋಡಲಿಲ್ಲ. ಹೋಗಿ ಬೇವಿನ ಮರಕ್ಕೆ ಒರಗಿ ನಿಂತ. ನಾನು ಏನಾದರೂ ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ. ನನಗೆ ಬಾಯಿ ಬರದಿದ್ದದ್ದು ಜೀವಮಾನದಲ್ಲಿ ಅದೊಂದೇ ಸಲ.

“ಇರಲಿ, ಈ ಡಬ್ಬಿದೂ ನೋಡೋಣ,” ಎಂದು ಮಾಸ್ತರರು ನಾಗ್ಯಾನ ಡಬ್ಬಿಯನ್ನು ಬೋರಲು ಹಾಕಿದರು. ಎಲ್ಲಕ್ಕಿಂತ ಮೇಲೆ ಬಂದು ಬಿದ್ದ ಚೀಟಿಯ ಮೇಲೆ ಬೆಳ್ಳಗೆ, ಅಡ್ಡಲಾಗಿ, ಮೂರು ವಿಭೂತಿ ಪಟ್ಟೆ.

“ರೇವಣ್ಣನ ಚೀಟಿ!” ಎಂದು ಆ ಎರಡನೆಯ ತರಗತಿಯ ಪೋರ ಕಿರುಚಿತು. “ತನಗ ತಾನೇ ಹಾಕ್ಕೊಂಡಿಲ್ಲ!”

ಅರವತ್ತು ಜೊತೆ ಕಣ್ಣು ನನ್ನ ಮೇಲೆ. ಹನ್ನೊಂದರಲ್ಲಿ ಹತ್ತು ಕಳೆದರೆ ಒಂದೇ ಅಲ್ಲವೇ ಉಳಿಯುವುದು? ತಲೆ ಗಿರ್ರೆಂದಿತು. ಕೆಂಪು ಹಸಿರಾಗಿತ್ತೋ, ಹಸಿರು ಕೆಂಪಾಗಿತ್ತೋ, ನಾನು ನಾಗ್ಯಾನಾಗಿದ್ದೆನೋ! ನಿಜ ಹೇಳಿದರೆ ಹದ್ದು ಅಲ್ಲೇ ಸಾಯುತ್ತದೆ. ಸುಮ್ಮನಿದ್ದರೆ ಹುಚ್ಚ ಎನ್ನುತ್ತಾರೆ. ಅಷ್ಟರಲ್ಲಿ ನನ್ನ ಬಾಯಿ ನನ್ನನ್ನು ಕೇಳದೆಯೇ ವಾಪಸು ಬಂತು.

“ಹೌದ್ರಿ ಸರ್,” ಎಂದೆ. ಕಟ್ಟೆ ಹತ್ತಿದೆ. “ಬೇಕಂತಲೇ ಹಾಕೀನಿ. ತನ್ನ ವೋಟು ತಾನೇ ಹಾಕ್ಕೊಳ್ಳೋದು ಯಾವ ದೊಡ್ಡಸ್ತಿಕಿರಿ? ಒಳಗ ಹೋಗಿ ನಿಂತಾಗ ನನ್ನ ಅಂತರಂಗ ಕೇಳ್ತು, ರೇವಣ್ಣ, ನಿನಗಿಂತ ನಾಗಣ್ಣ ಒಳ್ಳೇವ ಅಲ್ಲೇನು ಅಂತ. ಒಳ್ಳೇವಗ ಹಾಕಿದೆ. ಸೋತೆ.”

ಮಾಸ್ತರರು ಕನ್ನಡಕ ತೆಗೆದರು, ಧೋತರದ ಚುಂಗಿನಿಂದ ಕಣ್ಣೊರೆಸಿದರು. ಆಮೇಲೆ ಚಪ್ಪಾಳೆ ಬಿತ್ತು ನೋಡಿ, ಪಕ್ಕದ ಊರು ಕೋಡ್ಲಾದವರೆಗೂ ಕೇಳಿರಬೇಕು. ಇನ್ನೂ ದೊಡ್ಡ ಪವಾಡ ಮುಂದಿತ್ತು. ನಾಗ್ಯಾ ಎದ್ದು ನಿಂತು ಗದ್ಗದವಾಗಿ ಹೇಳಿದ:

“ಸರ್, ನಂಗ ಲೀಡರ್ ಆಗೋದು ಬ್ಯಾಡ್ರಿ. ಇಂಥಾವ ಇರಬೇಕಾದ್ರ ನಾ ಹ್ಯಾಂಗ ಮುಂದ ನಡೀಲಿ? ರೇವಣ್ಣನೇ ಆಗ್ಲಿ.”

ಮಾಸ್ತರರ ಕೈ ಜೇಬಿಗೆ ಹೋಯಿತು. ಸೀಟಿ ಹೊರಗೆ ಬಂತು. ಬಿಸಿಲಿಗೆ ಫಳಫಳ ಹೊಳೆಯಿತು. ಕೈ ಚಾಚಿ ತೆಗೆದುಕೊಂಡಿದ್ದರೆ ಮುಗಿದಿತ್ತು, ಚಿಂಚೋಳಿ ಗುಡ್ಡ ನನ್ನದಾಗುತ್ತಿತ್ತು. ಆದರೆ ಎದುರಿಗೆ ಅಷ್ಟು ಮಂದಿ ಕಣ್ಣರಳಿಸಿ ಕೂತಿರುವಾಗ ಇನ್ನೊಂದೇ ಒಂದು ಮಾತು ಆಡದೆ ಇಳಿಯುವುದು ಹೇಗೆ?

“ಸರ್, ಅದಕ್ಕೂ ಮೊದಲು,” ಎಂದೆ, “ಗೆದ್ರ ನನ್ನ ತಲಿಗಿ ಸುತ್ತಕೊಳ್ಳಬೇಕಂತ ಒಂದು ಪಟಕಾ ತಂದೀನಿ. ನನ್ನ ಡಬ್ಬಿ ಬಣ್ಣದ್ದೇ. ಅದನ್ನ ನನ್ನ ಕೈಯಾರೆ ನಾಗಣ್ಣನ ತಲಿಗಿ ಸುತ್ತತೀನಿ.” ಅಂಗಿಯೊಳಗೆ ಕೈ ಹಾಕಿ ಖಣವನ್ನು ಜರ್ರನೆ ಎಳೆದು ಗಾಳಿಯಲ್ಲಿ ಬಿಡಿಸಿ ಹಿಡಿದೆ. “ಇಗೋ ನೋಡ್ರಿ, ಕೆಂಪು ಪಟಕಾ!”

ಚಪ್ಪಾಳೆ ಬೀಳಲಿಲ್ಲ. ಮಾಸ್ತರರ ಬಾಯಿ ಸ್ವಲ್ಪ ತೆರೆದುಕೊಂಡಿತು. ನಾಗ್ಯಾ ಖಣ ನೋಡಿದ, ನನ್ನನ್ನು ನೋಡಿದ. ಬೇವಿನ ಮರದ ಹತ್ತಿರದಿಂದ ಯಾರೋ ಕೆಮ್ಮಿದರು. ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ. ಪಾಪ, ಕೆಮ್ಮು ಇನ್ನೂ ಬಿಟ್ಟಿಲ್ಲ ಎಂದುಕೊಂಡು ನಾನು ಖಣವನ್ನು ಮತ್ತಷ್ಟು ಮೇಲಕ್ಕೆ ಹಿಡಿದೆ.

“ಬೆಂಕಿಯಂಥಾ ಕೆಂಪು! ನೆತ್ತರದಂಥಾ—”

“ಏ ರೇವ್ಯಾ!”

ಸಾಲಿಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಗಿಸಿದ್ದಳು, ಕೈಯಲ್ಲಿ ಅರಿಶಿನ, ಹಣೆಯ ತುಂಬ ಬೆವರು. ನೆಟ್ಟಗೆ ಕಟ್ಟೆಗೆ ಬಂದು ನನ್ನ ಕೈಯಿಂದ ಖಣ ಕಿತ್ತುಕೊಂಡಳು.

“ಅಲ್ಲಿ ಅಕ್ಕನ ಉಡಿ ತುಂಬಲಿಕ್ಕೆ ಐದು ಮಂದಿ ಮುತ್ತೈದೇರು ಕಾಯಲಿಕತ್ತಾರ, ಇಲ್ಲಿ ನನ್ನ ಹಸಿರು ಖಣ ಹಿಡಕೊಂಡು ಕುಣಿಲಿಕತ್ತಾನ! ಕೆಂಪಂತ ಕೆಂಪು! ತಪ್ಪ ತಿಳೀಬ್ಯಾಡ್ರಿ ಮಾಸ್ತರ್, ಇವಂಗ ಹುಟ್ಟಿದಾಗಿಂದ ಕೆಂಪು ಹಸಿರು ಎರಡೂ ಒಂದೇರಿ. ನಮ್ಮಣ್ಣಂದೂ ಹಿಂಗೇ. ಹಸಿಮೆಣಸಿನಕಾಯಿ ತಾ ಅಂದ್ರ ಹಸಿದೋ ಒಣದೋ ಅಂತ ಮುಟ್ಟಿ ನೋಡಿ ತರ್ತಾನ. ಇವನೇನು ನಿಮ್ಮ ಮುಂದ ಬಣ್ಣ ಹೇಳ್ಯಾನು!”

ಮಾಸ್ತರರು ಒಮ್ಮೆ ಕೆಂಪು ಡಬ್ಬಿಯನ್ನು ನೋಡಿದರು. ಒಮ್ಮೆ ಹಸಿರು ಡಬ್ಬಿಯನ್ನು ನೋಡಿದರು. ಮೂರು ಪಟ್ಟೆಯ ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೀಟಿಯನ್ನು ನಾಗ್ಯಾನ ಕೊರಳಿಗೆ ಹಾಕಿದರು.

ಅವ್ವ ಒಂದು ಕೈಯಲ್ಲಿ ತನ್ನ ಬಿಸ್ಕೀಟು ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಕಿವಿ ಹಿಡಿದು ನಡೆದಳು. ಬೇವಿನ ಮರ ದಾಟುವಾಗ ಖಾದರ್ ನಮ್ಮ ಜೊತೆ ಹೆಜ್ಜೆ ಹಾಕತೊಡಗಿದ.

“ಎರಡು ಸಲ ಕೆಮ್ಮೀನಲ್ಲೋ, ಹುಚ್ಚಾ,” ಎಂದ. “ಕೇಳಸಲಿಲ್ಲೇನು?”